ಮೂಲೆಯ ರಾಮೆನ್ ಅಂಗಡಿಯ ವಾಸನೆಗೆ ಏನು ಮಾಡೋಣ? ಭಾನುವಾರದೊಳಗೆ ಹೇಳಿ

ಮನೆ 12
ಎಲ್ಲರಿಗೂ ನಮಸ್ಕಾರ. ಮೂಲೆಯ ಜಪಾನಿ ಅಂಗಡಿಯ ವಿಷಯ, ಅದೇ ರಾಮೆನ್ ಎಂದು ಸಾರಿನಲ್ಲಿ ನೂಡಲ್ ಹಾಕಿ ಕೊಡುತ್ತಾರಲ್ಲ, ಅದು. ಅದು ಬಂದಾಗ ಎಲ್ಲರಿಗಿಂತ ಮೊದಲು ಖುಷಿಪಟ್ಟವಳು ನಾನೇ, ಅದನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಆದರೆ ಅವರ ಅಡುಗೆಮನೆಯ ಹೊಗೆ ಪೈಪು ನಮ್ಮ ಹಿತ್ತಿಲ ಗೋಡೆಯ ಕಡೆಗೇ ಬಾಯಿ ಬಿಟ್ಟುಕೊಂಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಒಲೆ ಹಚ್ಚಿದರೆ ರಾತ್ರಿವರೆಗೂ ಮೂಳೆ ಕುದಿಯುವ ವಾಸನೆ. ಒಗೆದು ಹಾಕಿದ ಬೆಡ್‌ಶೀಟನ್ನು ಮತ್ತೆ ಒಗೆಯಬೇಕು. ನಿನ್ನೆ ಮಗಳು ಶಾಲೆಯ ಸ್ವೆಟರ್ ಮೂಸಿ ನೋಡಿ, "ಅಮ್ಮಾ, ಇದು ಸೂಪ್ ಥರ ಇದೆ" ಎಂದಳು. ಅದನ್ನೇ ಹಾಕಿಕೊಂಡು ಹೋದಳು, ಬೇರೆ ಇರಲಿಲ್ಲ.

ಎರಡು ಸಲ ಹೋಗಿ ಹೇಳಿದೆ. ಮಾಲೀಕರು ಕೈಮುಗಿದು ಕ್ಷಮೆ ಕೇಳಿದರು, ಒಂದು ಬೋಲ್ ಕಟ್ಟಿಯೂ ಕೊಟ್ಟರು. ಚೆನ್ನಾಗಿತ್ತು. ಆಮೇಲೆ ಜಗಳ ಮಾಡುವುದಕ್ಕೆ ಬಾಯೇ ಬರಲಿಲ್ಲ. ವಾಸನೆ ಮಾತ್ರ ಹಾಗೇ ಇದೆ. ಇನ್ನು ಯಾರ್ಯಾರಿಗೆ ತೊಂದರೆ ಆಗುತ್ತಿದೆ ಹೇಳಿ. ಒಬ್ಬಳೇ ಹೋದರೆ ಇದು ನನ್ನ ಮೂಗಿನ ಸಮಸ್ಯೆ ಎನ್ನುವ ಹಾಗೆ ಆಗುತ್ತದೆ.

ಮನೆ 8
ವಾಸನೆ ನಮ್ಮ ತನಕ ಬರುವುದಿಲ್ಲ. ಆದರೆ ಶನಿವಾರ ಸಂಜೆ ನನ್ನ ಗೇಟ್ ಮುಂದೆ ಹದಿನೈದು ಜನ ನಿಂತಿರುತ್ತಾರೆ. ಕಾರು ಹೊರಗೆ ತೆಗೆಯಬೇಕೆಂದರೆ ಹಾರ್ನ್ ಹೊಡೆಯಬೇಕು. ಹೊಡೆದರೆ ನನ್ನನ್ನೇ ಗುರಾಯಿಸುತ್ತಾರೆ. ಸುಮ್ನೆ ಮಾತುಕತೆ ಬೇಡ, ಪಾಲಿಕೆಗೆ ದೂರು ಕೊಟ್ಟು ಮುಚ್ಚಿಸೋಣ. ಅರ್ಜಿ ನಾನೇ ಬರೆಯುತ್ತೇನೆ.

ಮನೆ 31
ಮುಚ್ಚಿಸುವುದಾ? ಸರ್, ಒಂದು ನಿಮಿಷ.

ನಮ್ಮ ಈ ಹೊರವಲಯದಲ್ಲಿ ಜಪಾನಿ ಊಟ ಎಲ್ಲಿ ಸಿಗುತ್ತದೆ ಎಂದು ಎರಡು ವರ್ಷ ಹುಡುಕಿದವನು ನಾನು. ಮಾಲ್‌ನ ಫುಡ್ ಕೋರ್ಟ್‌ನಲ್ಲಿ ಸುಶಿ ಇದೆ. ಬೆಳಿಗ್ಗೆ ಮಾಡಿ ಫ್ರಿಡ್ಜ್‌ನಲ್ಲಿ ಇಟ್ಟಿರುತ್ತಾರೆ, ಸಂಜೆಗೆ ಅನ್ನದ ಕಾಳು ಮಣಿಯ ಹಾಗೆ ಗಟ್ಟಿ. ಹೆದ್ದಾರಿ ಪಕ್ಕದ ದೊಡ್ಡ ರೆಸ್ಟೋರೆಂಟ್‌ನಲ್ಲಿ ಒಂದೇ ಮೆನುವಿನೊಳಗೆ ಐದು ದೇಶ. ಅಲ್ಲಿ ರಾಮೆನ್ ಎಂದರೆ ಸೋಯಾ ಸಾಸ್ ಕಲಸಿದ ಬಿಸಿನೀರು. ಸರಿಯಾದದ್ದು ಬೇಕೆಂದರೆ ನಗರದ ಮಧ್ಯಕ್ಕೆ ಹೋಗಬೇಕು. ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದೂವರೆ. ಇಲ್ಲಿ ಹದಿನಾಲ್ಕು ಸೀಟಿನ ಅಂಗಡಿಯಲ್ಲಿ ಒಬ್ಬ ಮನುಷ್ಯ ನಿಜವಾಗಿ ಮೂಳೆ ಕುದಿಸಿ ಸಾರು ಮಾಡುತ್ತಿದ್ದಾನೆ. ವಾಸನೆ ಬರುತ್ತಿರುವುದೇ ಅದಕ್ಕೆ! ಪುಡಿ ಕಲಸಿ ಕೊಡುವವನ ಅಡುಗೆಮನೆಯಿಂದ ಏನು ವಾಸನೆ ಬರುತ್ತದೆ?

ಮನೆ 12
ತಮ್ಮಾ, ನಿನ್ನ ಮನೆ ಆ ತುದಿಯಲ್ಲಿದೆ.

ಮನೆ 31
ಅದೂ ಸರಿ ಅಕ್ಕ. ಮುಚ್ಚಿಸುವುದು ಬೇಡ ಎಂದೆ ಅಷ್ಟೇ. ತೊಂದರೆ ಇಲ್ಲ ಎನ್ನಲಿಲ್ಲ.

ಮನೆ 27
ಬಾಡಿಗೆಗೆ ಇರುವವರೂ ಇಲ್ಲಿ ಮಾತಾಡಬಹುದು ಅಲ್ವಾ? ಸಾಲಿನ ಸಮಸ್ಯೆಗೆ ಒಂದು ಐಡಿಯಾ. ಕೂರಿಸಿ ಬಡಿಸುವುದನ್ನು ಕಡಿಮೆ ಮಾಡಿ ಎಲ್ಲ ಡೆಲಿವರಿ ಮಾಡಿ ಎಂದು ಹೇಳಿದರೆ?

ಮನೆ 22
ಮಾತಾಡಬಹುದು, ಯಾಕೆ ಕೇಳುತ್ತೀರಿ. ಆದರೆ ರಾಮೆನ್ ಡೆಲಿವರಿಗೆ ಹೇಳಿ ಮಾಡಿಸಿದ ಊಟವಲ್ಲ. ನಾನು ಏಳು ವರ್ಷ ಹೋಟೆಲ್ ಅಡುಗೆಮನೆಗಳಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ಎರಡು ವರ್ಷ ಇಂಥದ್ದೇ ಒಂದು ಅಂಗಡಿಯಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇವರು ಮಾಡುವುದು ಟೊಂಕೊತ್ಸು. ಟೊನ್ ಎಂದರೆ ಹಂದಿ, ಕೊತ್ಸು ಎಂದರೆ ಮೂಳೆ. ಜಪಾನಿನ ಕ್ಯೂಶೂ ದ್ವೀಪದ ಕುರುಮೆ ಊರಿನಲ್ಲಿ 1937ರಲ್ಲಿ ಒಂದು ತಳ್ಳುಗಾಡಿಯಲ್ಲಿ ಶುರುವಾಯಿತು ಎನ್ನುತ್ತಾರೆ. ಸಾರು ಹಾಲಿನಂತೆ ಬೆಳ್ಳಗಿರುತ್ತದೆ, ನೋಡಿದ್ದೀರಲ್ಲ. ಅದಕ್ಕೆ ಹಾಲು ಹಾಕುವುದಿಲ್ಲ. ಮೂಳೆಯನ್ನು ಹತ್ತು, ಹನ್ನೆರಡು ಗಂಟೆ ಕೊತಕೊತ ಕುದಿಸಬೇಕು. ಮೂಳೆಯಲ್ಲಿನ ಕೊಲಾಜನ್ ಎಂಬ ಪ್ರೋಟೀನ್ ಕರಗಿ ಅಂಟಂಟಾದ ಜೆಲಟಿನ್ ಆಗುತ್ತದೆ, ಕೊಬ್ಬು ಕುದಿತದ ಹೊಡೆತಕ್ಕೆ ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ನಿಂತುಬಿಡುತ್ತದೆ. ಅದೇ ಬಿಳಿ ಬಣ್ಣ. ಉರಿ ಸಣ್ಣ ಮಾಡಿದರೆ ಸಾರು ತಿಳಿಯಾಗುತ್ತದೆ, ಅದು ಬೇರೆಯದೇ ಸಾರು. ಹಾಗಾಗಿ "ಸ್ವಲ್ಪ ನಿಧಾನ ಕುದಿಸಿ" ಎಂದು ಅವರಿಗೆ ಹೇಳಿ ಪ್ರಯೋಜನ ಇಲ್ಲ. ಕುದಿದಷ್ಟೂ ಆವಿ, ಆವಿಯ ಜೊತೆ ವಾಸನೆ.

ಆದರೆ ಎಲ್ಲ ವಾಸನೆಯೂ ಅನಿವಾರ್ಯ ಅಲ್ಲ. ಮೂಳೆಯನ್ನು ಮೊದಲು ನೀರಲ್ಲಿ ನೆನೆಸಿ ರಕ್ತ ಬಿಡಿಸಬೇಕು. ಆಮೇಲೆ ಒಂದು ಕುದಿ ಬರಿಸಿ ಆ ನೀರು ಚೆಲ್ಲಿ, ಒಂದೊಂದು ಮೂಳೆಯನ್ನೂ ಬ್ರಷ್ ಹಿಡಿದು ತೊಳೆಯಬೇಕು. ಬೆನ್ನೆಲುಬಿನ ಸಂದಿನಲ್ಲಿ ಕಪ್ಪಗೆ ಅಂಟಿರುವುದನ್ನು ಕಡ್ಡಿ ಹಾಕಿ ಕೆದಕಿ ತೆಗೆಯಬೇಕು. ಚಳಿಯಲ್ಲಿ ಬೆರಳು ಸೆಟೆದುಕೊಳ್ಳುವ ಕೆಲಸ. ಹೊಸ ಹುಡುಗರು ಇದನ್ನೇ ಹಾರಿಸುವುದು. ಹಾರಿಸಿದರೆ ವಾಸನೆ ದುಪ್ಪಟ್ಟು. ಇನ್ನು ಕೆಲವರು ನಿನ್ನೆಯ ಹಂಡೆಗೇ ಇವತ್ತಿನ ಸಾರು ಸೇರಿಸುತ್ತಾ ಹೋಗುತ್ತಾರೆ, ಅದಕ್ಕೆ ಯೊಬಿಮೊದೊಶಿ ಎನ್ನುತ್ತಾರೆ. ರುಚಿ ಆಳ, ವಾಸನೆಯೂ ಜೋರು. ಇವರು ಯಾವುದು ಮಾಡುತ್ತಾರೆ ಎಂದು ಕೇಳಬೇಕು.

ಡೆಲಿವರಿ ವಿಷಯ: ಟೊಂಕೊತ್ಸುವಿಗೆ ಹಾಕುವುದು ಸಣ್ಣ ನೂಡಲ್. ಬಿಸಿ ಸಾರಿನಲ್ಲಿ ಕೆಲವೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಅದಕ್ಕೇ ಅವರು ಒಂದು ಸಲಕ್ಕೆ ಕಡಿಮೆ ಹಾಕಿ, ಸಾರು ಉಳಿದಿರುವಾಗ ಇನ್ನೊಂದು ಹಿಡಿ ಕೇಳಿ ಹಾಕಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿರುವುದು. ಕಾಯೆದಮ ಎನ್ನುತ್ತಾರೆ. ಬೈಕಿನ ಹಿಂದೆ ಇಪ್ಪತ್ತು ನಿಮಿಷ ಕೂತ ರಾಮೆನ್ ಗಂಜಿ. ಮನೆಗೆ ತರಿಸಬೇಕೆಂದರೆ ಅನ್ನದ ಮೇಲೆ ಪಲ್ಯ, ಮಾಂಸ ಹಾಕಿದ ದೊನ್ಬುರಿ ತರಿಸಿ, ಕರಿದ ಮಾಂಸದ ಹೋಳು, ಅನ್ನ, ಗೊಜ್ಜಿನ ಕತ್ಸು ಕರಿ ತರಿಸಿ, ಅನ್ನದ ಉಂಡೆ ಒನಿಗಿರಿ ತರಿಸಿ. ಅವು ದಾರಿಯಲ್ಲಿ ಕೆಡುವುದಿಲ್ಲ.

ಮನೆ 27
ಅಣ್ಣ, ಇಷ್ಟು ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದಿರಾ! ಹಾಗಾದರೆ ಆ ಮಾಲ್ ಸುಶಿ ತಿನ್ನಬಹುದಾ? ಹಸಿ ಮೀನು ಎಂದರೆ ಭಯ.

ಮನೆ 22
ಹಸಿಯಾಗಿ ಕೊಡುವ ಹೆಚ್ಚಿನ ಮೀನನ್ನು ಮೊದಲು ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 7 ದಿನ ಇಡುವುದು ರೂಢಿ, ಅದರಿಂದ ಹುಳುಗಳು ಸಾಯುತ್ತವೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅದಕ್ಕೆ ತಣ್ಣಗಿಡಬೇಕು, ಬೇಗ ತಿನ್ನಬೇಕು. "ಮೀನು ಫ್ರೀಜ್ ಮಾಡಿದ್ದಾ?" ಎಂದು ಕೌಂಟರಿನಲ್ಲಿ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಅಂದಹಾಗೆ ಸುಶಿ ಎಂದರೆ ಹಸಿ ಮೀನಲ್ಲ, ವಿನೆಗರ್ ಕಲಸಿದ ಅನ್ನ. ಸೌತೆಕಾಯಿ ಇಟ್ಟು ಸುತ್ತಿದರೂ ಸುಶಿಯೇ. ಬರೀ ಹಸಿ ಮೀನಿನ ಹೋಳು ಸಶಿಮಿ. ನಾನಾದರೆ ಮೊದಲು ಅನ್ನ ನೋಡುತ್ತೇನೆ. ಮೈ ಬಿಸಿಯಷ್ಟು ಬೆಚ್ಚಗಿದ್ದರೆ ಕೂರುತ್ತೇನೆ.

ಮನೆ 4
ನೀವು ಊಟದ ಬಗ್ಗೆ ಮಾತಾಡುತ್ತಾ ಇದ್ದೀರಿ. ಚರಂಡಿ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮ ಮನೆ ಮುಂದಿನ ಮ್ಯಾನ್‌ಹೋಲ್ ಎರಡು ತಿಂಗಳಲ್ಲಿ ಎರಡು ಸಲ ಉಕ್ಕಿದೆ. ಹಿಂದಿನ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಉಕ್ಕಿರಲಿಲ್ಲ. ಹೋದ ವಾರ ಮುಚ್ಚಳ ತೆಗೆಸಿದಾಗ ನಿಂತು ನೋಡಿದೆ. ಮೇಲೆ ಬೆರಳಿನಷ್ಟು ದಪ್ಪಕ್ಕೆ ಬಿಳಿ ಪದರ, ಮೇಣದ ಹಾಗೆ. ಕೆಲಸದವನು ಸಲಾಕೆಯಲ್ಲಿ ಚುಚ್ಚಿದರೆ ತುಂಡು ತುಂಡಾಗಿ ಒಡೆಯಿತು, ಒಳಗೆ ನೂಡಲ್ ಸಿಕ್ಕಿಕೊಂಡಿತ್ತು. ಫೋಟೋ ಇದೆ. ಊಟದ ಹೊತ್ತಿನಲ್ಲಿ ಹಾಕುವುದು ಬೇಡ ಎಂದು ಹಾಕಿಲ್ಲ.

ಮನೆ 8
ಇಷ್ಟು ಸಾಕಲ್ಲ. ಅರ್ಜಿಗೆ ಫೋಟೋ ಕಳಿಸಿ ಅಂಕಲ್.

ಮನೆ 22
ಅಂಕಲ್ ಹೇಳಿದ್ದು ಗಂಭೀರ. ವಾಸನೆಗಿಂತ ಇದೇ ದೊಡ್ಡದು. ಬೋಲ್‌ನಲ್ಲಿ ಉಳಿದ ಸಾರನ್ನು ಸಿಂಕಿಗೆ ಸುರಿಯುತ್ತಿದ್ದಾರೆ, ಅನುಮಾನವೇ ಇಲ್ಲ. ಬಿಸಿ ಇರುವಾಗ ನೀರಿನಂತೆ ಹರಿದು ಹೋಗುತ್ತದೆ, ಮುಂದೆ ಪೈಪಿನಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಅಂಥ ಅಡುಗೆಮನೆಗೆ ಗ್ರೀಸ್ ಟ್ರ್ಯಾಪ್ ಇರಲೇಬೇಕು. ಅದೊಂದು ತೊಟ್ಟಿ. ನೀರು ಅದರೊಳಗೆ ಬಂದು ನಿಧಾನವಾಗುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಕಸ ಕೆಳಗೆ ಕೂರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಜಿಡ್ಡು, ಕಸ ಸೇರಿ ಕಾಲು ಭಾಗ ತುಂಬುವ ಮೊದಲು ಬಳಿಯಬೇಕು. ಬಳಿಯದಿದ್ದರೆ ಇದ್ದೂ ಇಲ್ಲದ ಹಾಗೆ. ಇವರ ಹತ್ತಿರ ಇದೆಯೋ, ಇದ್ದರೆ ಯಾವಾಗ ಬಳಿದರು, ಅದನ್ನು ನೋಡಬೇಕು.

ಮನೆ 19
ಈ ಗಲಾಟೆಯ ಮಧ್ಯೆ ಒಂದು ಸಣ್ಣ ಪ್ರಶ್ನೆ, ಕ್ಷಮಿಸಿ. ನಾವು ಸಸ್ಯಾಹಾರಿಗಳು. ವಾಸನೆ ಕುಡಿಯುವುದು ನಮ್ಮ ಪಾಲಿಗೂ ಇದೆ, ತಿನ್ನುವುದಕ್ಕೆ ಮಾತ್ರ ಅಲ್ಲಿ ಏನೂ ಇಲ್ಲವಾ? ಮಿಸೊ ಸೂಪ್ ತರಕಾರಿಯದ್ದು ಎಂದು ಹೋದ ಸಲ ಕುಡಿದೆವು.

ಮನೆ 22
ಅಯ್ಯೋ ಮೇಡಂ. ಮಿಸೊ ಸೋಯಾದ್ದೇ, ಆದರೆ ಅದನ್ನು ಕದಡುವ ನೀರು ದಾಶಿ. ಸಾಮಾನ್ಯವಾಗಿ ಅದರಲ್ಲಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಇರುತ್ತದೆ. ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾದ ಜೊತೆ ಕೊಡುವ ಸಾಸಿನಲ್ಲೂ ಅದೇ, ಟೆಂಪುರಾದ ಹಿಟ್ಟಿನಲ್ಲಿ ಮೊಟ್ಟೆ ಬೇರೆ. "ಮಾಂಸ ಇದೆಯಾ" ಎಂದು ಕೇಳಬೇಡಿ, "ದಾಶಿ ಯಾವುದರದ್ದು" ಎಂದು ಕೇಳಿ. ಕೊಂಬು ಎನ್ನುವ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯ ದಾಶಿಯೂ ಇದೆ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಅಡುಗೆ ಅದರ ಮೇಲೆಯೇ ನಿಂತಿದೆ. ರುಚಿಯಲ್ಲಿ ಕಡಿಮೆ ಎಂದುಕೊಳ್ಳಬೇಡಿ. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ವಿಜ್ಞಾನಿ ಉಮಾಮಿ ಎಂಬ ಐದನೇ ಮೂಲ ರುಚಿಯನ್ನು ಕಂಡುಹಿಡಿದದ್ದು ಕೊಂಬು ದಾಶಿಯಿಂದಲೇ.

ಇದನ್ನು ಅವರಿಗೂ ಹೇಳೋಣ. ವಾರದಲ್ಲಿ ಎರಡು ದಿನ ಕೊಂಬು ಸಾರಿನ ರಾಮೆನ್ ಮಾಡಿದರೆ ಆ ಎರಡು ದಿನ 12ನೇ ಮನೆಯವರು ಬಟ್ಟೆ ಒಣಹಾಕಬಹುದು.

ಮನೆ 12
ಮಂಗಳವಾರ, ಶುಕ್ರವಾರ ಆದರೆ ಒಳ್ಳೆಯದು. ಬರೆದಿಟ್ಟುಕೊಳ್ಳಿ.

ಮನೆ 31
ನಾನೊಂದು ಓದಿದ್ದು ಹೇಳುತ್ತೇನೆ. ಜಪಾನಿನಲ್ಲೇ ದುರ್ವಾಸನೆಗೆ ಕಾನೂನು ಇದೆ, 1971ರದ್ದು. ಅಳೆಯುವ ಒಂದು ವಿಧಾನ ಮೂಗಿನಿಂದಲೇ. ಮೂರು ಚೀಲ ಕೊಡುತ್ತಾರೆ, ಎರಡರಲ್ಲಿ ಬರೀ ಗಾಳಿ, ಒಂದರಲ್ಲಿ ವಾಸನೆ ಬೆರೆಸಿದ ಗಾಳಿ. ಯಾವುದು ಎಂದು ಮೂಸಿ ಹೇಳಬೇಕು. ಸರಿಯಾಗಿ ಹೇಳುತ್ತಾ ಹೋದಷ್ಟೂ ಗಾಳಿ ಸೇರಿಸಿ ತೆಳು ಮಾಡುತ್ತಾ ಹೋಗುತ್ತಾರೆ. ಪರೀಕ್ಷೆ ನಡೆಸುವವರಿಗೆ ಸರ್ಕಾರದ ಲೈಸೆನ್ಸ್ ಬೇರೆ ಇದೆ.

ಮನೆ 12
ಇಲ್ಲಿ ನನ್ನ ಮಗಳನ್ನು ಕಳಿಸಿದರೆ ಸಾಕು.

ಸರಿ, ಕೆಲಸಕ್ಕೆ ಬರೋಣ. ಕೇಳಬೇಕಾದ್ದು ಇಷ್ಟು: ಹೊಗೆ ಪೈಪು ಚಾವಣಿಯ ಮೇಲಕ್ಕೆ ಹೋಗಬೇಕು. ಗ್ರೀಸ್ ಟ್ರ್ಯಾಪ್ ತೋರಿಸಬೇಕು, ಬಳಿದ ದಿನ ಬರೆದಿಡಬೇಕು. ಬಾಗಿಲಲ್ಲಿ ಹೆಸರು ಬರೆಯುವ ಪುಸ್ತಕ ಇಟ್ಟರೆ ಜನ 8ರ ಗೇಟ್ ಮುಂದೆ ನಿಲ್ಲುವುದಿಲ್ಲ, ಸರದಿ ಬಂದಾಗ ಫೋನ್ ಮಾಡಲಿ. ಮಧ್ಯಾಹ್ನ ಮೂರಕ್ಕೆ ಅಂಗಡಿ ಖಾಲಿ ಇರುತ್ತದೆ. ಸೋಮವಾರ ಯಾರು ಬರುತ್ತೀರಿ? ಮೂರು ಜನ ಸಾಕು, ದಂಡು ಬೇಡ.

ಮನೆ 4
ನಾನು ಬರುತ್ತೇನೆ. ಫೋಟೋ ತರುತ್ತೇನೆ.

ಮನೆ 22
ನಾನೂ.

ಮನೆ 12 (ಸೋಮವಾರ ಸಂಜೆ)
ಹೋಗಿ ಬಂದೆವು. ಅಂಗಡಿಯವರು ಹಿಂದಿನ ಬಾಗಿಲು ತೆಗೆದು ಎಲ್ಲ ತೋರಿಸಿದರು. ಅಂಕಲ್ ಫೋಟೋ ನೋಡಿ ಮುಖ ಕೆಂಪಾಯಿತು ಪಾಪ. ಗ್ರೀಸ್ ಟ್ರ್ಯಾಪ್ ಇದೆ, ಸಿಂಕಿನ ಕೆಳಗೆ ಒಂದು ಬಕೆಟ್ಟಿನಷ್ಟು. ದಿನಕ್ಕೆ ನೂರು ಬೋಲ್‌ಗೆ ಅದು ಯಾವ ಮೂಲೆಗೆ. ದೊಡ್ಡದು ಹಾಕಿಸುತ್ತೇವೆ, ಅಲ್ಲಿಯವರೆಗೆ ಉಳಿದ ಸಾರನ್ನು ಸಿಂಕಿಗೆ ಸುರಿಯದೆ ಡ್ರಮ್ಮಿನಲ್ಲಿ ಶೇಖರಿಸಿ ಕೊಡುತ್ತೇವೆ ಎಂದರು. ಪುಸ್ತಕ ಇವತ್ತೇ ಇಟ್ಟರು.

ಹೊಗೆ ಪೈಪಿನ ಕಥೆ ಮಾತ್ರ ಬೇರೆ. ಅಂಗಡಿ ಹಾಕುವಾಗಲೇ ಚಾವಣಿಗೆ ಡಕ್ಟ್ ಒಯ್ಯಲು ಕೇಳಿದ್ದರಂತೆ. ಗೋಡೆ ಹಾಳಾಗುತ್ತದೆ ಎಂದು ಕಟ್ಟಡದ ಮಾಲೀಕರು ಒಪ್ಪಲಿಲ್ಲ. ಅದಕ್ಕೇ ನಮ್ಮ ಕಡೆ ತಿರುಗಿಸಿದ್ದು. ಅವರು ಬರೆದ ಪತ್ರದ ಪ್ರತಿಯನ್ನೂ ತೋರಿಸಿದರು. ಇಷ್ಟು ದಿನ ನಾನು ಬೈಯ್ಯುತ್ತಿದ್ದದ್ದು ತಪ್ಪು ಮನುಷ್ಯನಿಗೆ.

ಮನೆ 22
ಮೂಳೆ ತೊಳೆಯುವುದೂ ನೋಡಿದೆ. ಚೆನ್ನಾಗಿಯೇ ತೊಳೆಯುತ್ತಾರೆ. ಹಳೆ ಹಂಡೆಗೆ ಸೇರಿಸುವ ಪದ್ಧತಿ ಇಲ್ಲ. ಡಕ್ಟ್ ಮೇಲಕ್ಕೆ ಹೋಗಿ, ಜಿಡ್ಡಿನ ಫಿಲ್ಟರ್ ಹಿಂದೆ ವಾಸನೆ ಹೀರುವ ಒಂದು ಕಾರ್ಬನ್ ಫಿಲ್ಟರ್ ಕೂತರೆ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ಜಿಡ್ಡಿನ ಫಿಲ್ಟರ್ ಮಾತ್ರ ದಿನಾ ತೊಳೆಯಬೇಕು, ಇಲ್ಲದಿದ್ದರೆ ಕಾರ್ಬನ್ ಬೇಗ ಕಟ್ಟಿಕೊಳ್ಳುತ್ತದೆ. ಕೊಂಬು ರಾಮೆನ್ ಮಾತಿಗೆ ನಕ್ಕರು, ಒಂದು ದಿನ ಮಾಡಿ ನೋಡುತ್ತೇನೆ ಎಂದರು. ಮಂಗಳವಾರ.

ಮನೆ 8
ಹಾಗಾದರೆ ಅರ್ಜಿ ಕಟ್ಟಡದ ಮಾಲೀಕರಿಗೆ. ಬರೆದದ್ದು ವೇಸ್ಟ್ ಆಗಲಿಲ್ಲ, ಹೆಸರು ಬದಲಾಯಿಸಿದೆ, ಎರಡು ಪ್ಯಾರಾ ತೆಗೆದೆ. ಡಕ್ಟಿಗೆ ಒಪ್ಪಿಗೆ ಕೊಡಿ, ಹದಿನೈದು ದಿನದಲ್ಲಿ ಉತ್ತರ ಬೇಕು, ಬರದಿದ್ದರೆ ಪಾಲಿಕೆಗೆ ಹೋಗುತ್ತೇವೆ ಎಂದಿದೆ. ಪ್ರತಿ ನನ್ನ ಮನೆಯ ವರಾಂಡದಲ್ಲಿದೆ. ಸಂಜೆ ಆರರ ಮೇಲೆ ಬಂದು ಸಹಿ ಹಾಕಿ. ಬಾಡಿಗೆಯವರೂ ಹಾಕಬಹುದು.

ಮನೆ 19
ನಮ್ಮದು ಎರಡು ಸಹಿ. ಮಂಗಳವಾರದ ದಾಶಿ ಯಾವುದರದ್ದು ಎಂದು ನಾನೇ ಕೇಳಿಕೊಂಡು ಬರುತ್ತೇನೆ.

ಮನೆ 4
ಹೊಸ ಟ್ರ್ಯಾಪ್ ಹಾಕುವ ಮೊದಲು ಚರಂಡಿ ಪೂರ್ತಿ ತೊಳೆಸಬೇಕು, ಇಲ್ಲದಿದ್ದರೆ ಹಳೆ ಜಿಡ್ಡು ಅಲ್ಲೇ ಇರುತ್ತದೆ. ಖರ್ಚು ಅಂಗಡಿಯವರು ಕೊಡುತ್ತಾರೆ, ಮಾತಾಡಿದ್ದೇನೆ. ಬುಧವಾರ ಬೆಳಿಗ್ಗೆ ಏಳಕ್ಕೆ ಮೆಷಿನ್ ಬರುತ್ತದೆ. ಮೂರು ಮುಚ್ಚಳ ತೆಗೆಯಬೇಕು, 4, 12 ಮತ್ತು 8ರ ಮುಂದಿನದ್ದು. ರಾತ್ರಿಯೇ ಕಾರು ಬೇರೆ ಕಡೆ ನಿಲ್ಲಿಸಿ. ನಾನು ಟಾರ್ಚ್ ಹಿಡಿದು ಅಲ್ಲೇ ಇರುತ್ತೇನೆ.