ಇಪ್ಪತ್ತು ವರ್ಷದ ಹಿಂದಿನ ಮಾತು, ಇವತ್ತಿನ ಟಿಕೆಟ್

ಪ್ರಶ್ನೆ (ಶಿರಸಿ ತಾಲ್ಲೂಕಿನಿಂದ):
ನಮಸ್ಕಾರ ಮೇಡಂ. ನಮ್ಮ ಕಡೆಯ ಒಬ್ಬರು ಮುಂದಿನ ಸಲ ಎಂಎಲ್‌ಎ ಟಿಕೆಟ್ ಬೇಕೆಂದು ಓಡಾಡುತ್ತಿದ್ದಾರೆ. ಊರಿಗೆ ರಸ್ತೆ, ನೀರು ತಂದವರೇ. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ 2004ರ ಕೊಯ್ಲಿನಲ್ಲಿ ಅವರ ಮನೆಗೆ ಅಡಿಕೆ ಸುಲಿಯಲು ಹೋಗಿದ್ದ ನನ್ನ ಚಿಕ್ಕಮ್ಮನ ಮೈಮೇಲೆ ಕೈ ಹಾಕಿದ್ದರು. ಚಿಕ್ಕಮ್ಮ ಮೆಟ್ಟುಗತ್ತಿಯನ್ನೂ ಅಲ್ಲೇ ಬಿಟ್ಟು ರಾತ್ರಿ ಒಬ್ಬರೇ ಗದ್ದೆ ದಾಟಿ ಮನೆಗೆ ಬಂದರು. ಆ ವರ್ಷದ ಕೂಲಿ ಕೇಳಲೂ ಹೋಗಲಿಲ್ಲ. ದೂರು ಕೊಟ್ಟಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಅಪ್ಪ ಹೇಳುತ್ತಾರೆ, "ಹಳೇ ಕಥೆ ಮಾರಾಯ. ಅದಕ್ಕೂ ಊರಿನ ಕೆಲಸಕ್ಕೂ ಎಂತ ಸಂಬಂಧ?" ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಬರೆದು ವಾಟ್ಸಾಪ್‌ನಲ್ಲಿ ಹಾಕಲಾ?

ಉತ್ತರ (ವಕೀಲೆ, ಶಿರಸಿ):
ತಮ್ಮಾ, ಸದ್ಯ ಏನೂ ಹಾಕಬೇಡಿ. ಇಲ್ಲಿ ಹೆಸರು, ಊರು ಬರೆಯದೇ ಕೇಳಿದ್ದು ಒಳ್ಳೆಯದಾಯಿತು.

ಮೊದಲು ಅಪ್ಪನ ಮಾತಿಗೆ ಬರುತ್ತೇನೆ. ಸಂಬಂಧ ಇದೆ. ಅವತ್ತು ಆ ಮನುಷ್ಯನ ಕೈಯಲ್ಲಿ ಇದ್ದದ್ದು ಚಿಕ್ಕಮ್ಮನ ನಾಲ್ಕು ದಿನದ ಕೂಲಿ, ಅಷ್ಟೇ. ಶಾಸಕರಾದರೆ ಕೈಯಲ್ಲಿ ಎಷ್ಟು ಇರುತ್ತದೆ ಯೋಚಿಸಿ. ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಗಂಡ ಸತ್ತ ಹೆಂಗಸು ಎರಡು ಗುಂಟೆ ಸಾಗುವಳಿ ಜಾಗಕ್ಕೆ ಅರ್ಜಿ ಹಿಡಿದು ನಿಲ್ಲಬೇಕಾದದ್ದು ಅವರ ಮುಂದೆ. ವರ್ಗಾವಣೆ ಬೇಕಾದ ನರ್ಸು, ಮನೆ ಬೇಕಾದ ಬಾಣಂತಿ, ಎಲ್ಲರೂ ಅದೇ ಬಾಗಿಲಿಗೆ ಬರುತ್ತಾರೆ. ತನ್ನ ಕೈಕೆಳಗೆ ಇರುವವರ ಜೊತೆ ಹೇಗೆ ನಡೆದುಕೊಂಡರು ಅನ್ನುವುದನ್ನು ಮತ ಹಾಕುವವರು ಕೇಳಲೇಬೇಕು. ಅದು ಸುಮ್ನೆ ವೈಯಕ್ತಿಕ ವಿಷಯ ಅಲ್ಲ.

ಇನ್ನು ಕಾನೂನು. "ಕೇಸೇ ಇಲ್ಲವಲ್ಲ" ಅಂತ ಅವರ ಕಡೆಯವರು ಹೇಳಬಹುದು. ಕೇಸ್ ಯಾಕಿಲ್ಲ ಅಂತಲೂ ನೋಡಬೇಕು. 2013ರ ತಿದ್ದುಪಡಿಗೆ ಮುಂಚೆ ಐಪಿಸಿ 354ಕ್ಕೆ, ಅಂದರೆ ಹೆಂಗಸಿನ ಮಾನಕ್ಕೆ ಕೈ ಹಾಕಿದರೆ, ಹೆಚ್ಚೆಂದರೆ 2 ವರ್ಷ ಶಿಕ್ಷೆ. ಅಂಥ ಅಪರಾಧಕ್ಕೆ ಕಾಲಮಿತಿ 3 ವರ್ಷ. 2004ರ ಘಟನೆಯ ಬಾಗಿಲು 2007ಕ್ಕೇ ಹೆಚ್ಚುಕಡಿಮೆ ಮುಚ್ಚಿತು. ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಇಷ್ಟು ವರ್ಷಕ್ಕೆ ಅದು ಕಷ್ಟ. ಹಾಗಾಗಿ ನಾಳೆ ಆ ಮನುಷ್ಯ ನಾಮಪತ್ರದ ಜೊತೆ ಅಫಿಡವಿಟ್ ಕೊಟ್ಟರೆ ಕ್ರಿಮಿನಲ್ ಪ್ರಕರಣದ ಕಾಲಂನಲ್ಲಿ "ಇಲ್ಲ" ಅಂತ ಬರೆಯುತ್ತಾರೆ. ಅದು ಸುಳ್ಳೂ ಅಲ್ಲ. ಕೇಸ್ ಇದ್ದಿದ್ದರೆ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಪೇಪರಿನಲ್ಲಿ, ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕಿತ್ತು. ದೂರು ಕೊಡಲು ಆಗದವರ ನೋವು ಆ ಕಾಗದದಲ್ಲಿ ಎಲ್ಲೂ ಬರುವುದಿಲ್ಲ.

ಹಾಗಾದರೆ ಹೇಳುವುದು ಹೇಗೆ? 2018ರಲ್ಲಿ ಎಂ.ಜೆ. ಅಕ್ಬರ್ ಕೇಂದ್ರದಲ್ಲಿ ಮಂತ್ರಿಯಾಗಿದ್ದರು. ಪತ್ರಕರ್ತೆಯರು ಅವರ ಮೇಲೆ ಲೈಂಗಿಕ ಕಿರುಕುಳದ ಹಳೆಯ ಘಟನೆಗಳನ್ನು ಹೇಳಿದ ಮೇಲೆ ರಾಜೀನಾಮೆ ಕೊಟ್ಟರು. ಆರೋಪಗಳನ್ನು ಅವರು ಒಪ್ಪಿಲ್ಲ, ಆ ಪತ್ರಕರ್ತೆಯರಲ್ಲಿ ಒಬ್ಬರಾದ ಪ್ರಿಯಾ ರಮಣಿ ಮೇಲೆ ಮಾನನಷ್ಟ ಕೇಸ್ ಹಾಕಿದರು. 2021ರ ಫೆಬ್ರುವರಿ 17ರಂದು ದೆಹಲಿಯ ಕೋರ್ಟ್ ರಮಣಿಯವರನ್ನು ಖುಲಾಸೆ ಮಾಡಿತು. ಹೆಂಗಸು ತನ್ನ ದೂರನ್ನು ದಶಕಗಳ ಮೇಲೂ ತನಗೆ ಬೇಕಾದ ಕಡೆ ಹೇಳಿಕೊಳ್ಳಬಹುದು ಅಂತ ಹೇಳಿತು. ಅದರ ಮೇಲೆ ಅಕ್ಬರ್ ಮೇಲ್ಮನವಿ ಹಾಕಿದ್ದಾರೆ.

ಆದರೆ ಗಮನಿಸಿ, ರಮಣಿ ಹೇಳಿದ್ದು ತನ್ನ ಕಥೆ. ನೀವು ಹಾಕಲು ಹೊರಟಿದ್ದು ಚಿಕ್ಕಮ್ಮನ ಕಥೆ. ಅವರನ್ನು ಕೇಳಿದ್ದೀರಾ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ, ಒಂದು ಚುನಾವಣೆಯ ಹಿಂದಿನ ವಾರ, ಒಬ್ಬ ಹೆಂಗಸು ನನ್ನ ಆಫೀಸಿಗೆ ಬಂದರು. ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಒಂದು ಕರಪತ್ರ ತೆಗೆದು ಮೇಜಿನ ಮೇಲೆ ಇಟ್ಟರು. ಬೆಳಿಗ್ಗೆ ಪೇಪರಿನ ಒಳಗೆ ಸೇರಿಸಿ ಮನೆಮನೆಗೆ ಹಾಕಿದ್ದರಂತೆ. ಅಭ್ಯರ್ಥಿಯ ಹಳೇ ಹಗರಣ. ಅದರಲ್ಲಿ ಇವರ ಹೆಸರಿನ ಮೊದಲ ಅಕ್ಷರ, ಊರು, ಗಂಡನ ಕೆಲಸ. ಅಷ್ಟು ಸಾಕಲ್ವಾ? ಅವರು ಯಾರ ಹತ್ತಿರವೂ ದೂರಿಗೆ ಹೋದವರಲ್ಲ. ಕರಪತ್ರದ ಕೆಳಗೆ ಮುದ್ರಕರ ಹೆಸರೂ ಇಲ್ಲ, ಪ್ರಕಾಶಕರ ಹೆಸರೂ ಇಲ್ಲ. ಚುನಾವಣಾ ಕರಪತ್ರಕ್ಕೆ ಎರಡೂ ಕಡ್ಡಾಯ, ತಪ್ಪಿದರೆ 6 ತಿಂಗಳವರೆಗೆ ಜೈಲು ಇದೆ. ದೂರು ಬರೆದುಕೊಟ್ಟೆ. ಅವರು ಸಹಿ ಹಾಕಲಿಲ್ಲ. "ಇನ್ನೊಂದು ಸಲ ನನ್ನ ಹೆಸರು ಓಡಾಡುವುದು ಬೇಡ" ಅಂದರು. ಆಮೇಲೆ ಅವರು ಡೇರಿಗೆ ಹಾಲು ಹಾಕಲು ಬರುವುದನ್ನೂ ಬಿಟ್ಟರು, ಮಗನನ್ನು ಕಳಿಸುತ್ತಿದ್ದರು. ಹಂಚಿದವರು ಮಾತ್ರ "ನಾವು ಹೆಣ್ಣಿನ ಪರ" ಅಂತ ಭಾಷಣ ಮಾಡಿದರು.

2024ರಲ್ಲಿ ಹಾಸನದಲ್ಲಿ ಆಗಿದ್ದೂ ನೆನಪಿರಬಹುದು. ಅಲ್ಲಿನ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣಗೆ 2025ರ ಆಗಸ್ಟ್‌ನಲ್ಲಿ ವಿಶೇಷ ಕೋರ್ಟ್ ಒಂದು ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅದು ದೂರು ಕೊಟ್ಟ ಹೆಂಗಸಿನ ಗಟ್ಟಿತನದಿಂದ ಆದದ್ದು. ಹೆಂಗಸರ ಮುಖವನ್ನೂ ಮರೆಮಾಡದೆ ವಿಡಿಯೋಗಳ ಪೆನ್‌ಡ್ರೈವ್ ಹಂಚಿದ್ದನ್ನು ಅದರ ಜೊತೆ ಸೇರಿಸಿ ಹೊಗಳಬೇಡಿ.

ಪ್ರಶ್ನೆ (ಕುಮಟಾದಿಂದ):
ಮೇಡಂ, ಚುನಾವಣೆ ಬಂದಾಗಲೇ ಇಂಥವೆಲ್ಲ ಏಳುತ್ತವೆ. ನನ್ನ ಸೋದರಮಾವ ಸೊಸೈಟಿ ಚುನಾವಣೆಗೆ ನಿಂತಾಗ ಅವರ ಮೇಲೂ ಪೂರ್ತಿ ಸುಳ್ಳು ಹಬ್ಬಿಸಿದ್ದರು. ಅತ್ತೆ ಎರಡು ತಿಂಗಳು ತವರಿನಲ್ಲಿದ್ದರು. ಕೋರ್ಟ್ ಹೇಳುವ ತನಕ ನಿರಪರಾಧಿ ಅಲ್ವಾ?

ಉತ್ತರ:
ನಿಮ್ಮ ಅತ್ತೆಗೆ ಆದದ್ದು ದೊಡ್ಡ ಅನ್ಯಾಯ. ಅಂಥ ಸುಳ್ಳಿಗೆ ಮಾನನಷ್ಟದ ಕೇಸ್ ಇದೆ, 2 ವರ್ಷದವರೆಗೆ ಶಿಕ್ಷೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಅಭ್ಯರ್ಥಿಯೇ ಎದುರಾಳಿಯ ನಡತೆ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹಬ್ಬಿಸಿದರೆ ಗೆದ್ದ ಸ್ಥಾನವೇ ರದ್ದಾಗಬಹುದು.

ಆದರೆ "ಕೋರ್ಟ್ ಹೇಳುವ ತನಕ" ಅನ್ನುವುದು ಜೈಲಿಗೆ ಕಳಿಸುವ ಮಾತು. ಕುರ್ಚಿ ಕೊಡುವುದಕ್ಕೆ ಅಷ್ಟು ಕಾಯಬೇಕಿಲ್ಲ. ಹೆಣ್ಣು ಕೊಡುವ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತೇವೆ, ಯಾರೂ ತೀರ್ಪಿನ ಪ್ರತಿ ಕೇಳುವುದಿಲ್ಲ. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆ 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದಾಗ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಯಾವ ಕೋರ್ಟೂ ಶಿಕ್ಷೆ ಕೊಟ್ಟಿರಲಿಲ್ಲ.

ವಿಚಾರಿಸುವುದು ಅಂದರೆ ನಿಜವಾಗಿ ವಿಚಾರಿಸಬೇಕು. ಮಾತು ಯಾರ ಬಾಯಿಂದ ಹೊರಟಿತು? ಅವರು ಆಗಲೇ ಯಾರ ಹತ್ತಿರವಾದರೂ ಹೇಳಿದ್ದರಾ, ಅಥವಾ ಟಿಕೆಟ್ ಹಂಚುವ ವಾರವೇ ನೆನಪಾಯಿತಾ? ಮೇಲಿನ ಪ್ರಶ್ನೆಯಲ್ಲಿ ಆ ಹೆಂಗಸು ಕೂಲಿ ಬಿಟ್ಟು ರಾತ್ರಿಯೇ ಮನೆಗೆ ಬಂದರು. ಅದನ್ನು ಕಂಡವರು ಇದ್ದಾರೆ. ನಿಮ್ಮ ಮಾವನ ವಿಷಯದಲ್ಲಿ ಹೀಗೆ ಕಂಡವರು ಯಾರಾದರೂ ಇದ್ದರಾ? ಇರಲಿಕ್ಕಿಲ್ಲ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ (ಕಾರವಾರದಿಂದ):
ಡಿವೋರ್ಸ್, ಕುಡಿತ, ಬೇರೆ ಸಂಬಂಧ? ಇದೂ ಲೆಕ್ಕಕ್ಕೆ ಬರುತ್ತದಾ?

ಉತ್ತರ:
ನನ್ನ ಮಟ್ಟಿಗೆ ಬರುವುದಿಲ್ಲ. ಇಬ್ಬರು ವಯಸ್ಕರು ಒಪ್ಪಿ ಬಾಳುವುದು ಅವರ ವಿಷಯ. 2018ರಿಂದ ವ್ಯಭಿಚಾರ ಅಪರಾಧವೂ ಅಲ್ಲ. ಆದರೆ ಹೆಂಡತಿಗೆ ಹಿಂಸೆ ಕೊಟ್ಟರೆ ಅದು ಮನೆಯೊಳಗಿನ ವಿಷಯ ಅಂತ ಚುನಾವಣಾ ಕಾನೂನೇ ಒಪ್ಪುವುದಿಲ್ಲ. ಬಹುತೇಕ ಅಪರಾಧಗಳಲ್ಲಿ 2 ವರ್ಷ ಜೈಲಾದರೆ ಮಾತ್ರ ಅನರ್ಹತೆ. ಹೆಂಡತಿಗೆ ಹಿಂಸೆ ಕೊಡುವ ಅಪರಾಧ, ಅಂದರೆ ಹಿಂದಿನ ಐಪಿಸಿ 498ಎ (ಈಗ ಬಿಎನ್‌ಎಸ್ 85), ಹಾಗಲ್ಲ. ಅದರಲ್ಲಿ ಒಂದು ತಿಂಗಳು ಜೈಲಾದರೂ ಸಾಕು, ಹೊರಗೆ ಬಂದ ಮೇಲೆ ಇನ್ನೂ 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ.

ಮೊದಲು ಕೇಳಿದವರು:
ಮೇಡಂ, ನಿನ್ನೆ ಚಿಕ್ಕಮ್ಮನ ಹತ್ತಿರ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊಬೈಲಲ್ಲಿ ಎಲ್ಲ ಬೇಡ. ಅವನು ವೋಟು ಕೇಳಲು ಮನೆಗೆ ಬರಲಿ, ನಾನೇ ಬಾಗಿಲಿಗೆ ಬರ್ತೇನೆ" ಅಂದರು. ಅಪ್ಪ ಅಲ್ಲೇ ಕೂತಿದ್ದರು. ತಲೆ ಎತ್ತಲಿಲ್ಲ.

ಉತ್ತರ:
ಆ ದಿನ ನೀವೂ ಅಪ್ಪನೂ ಅವರ ಪಕ್ಕ ನಿಂತಿರಿ. ಮಾತು ಅವರೇ ಆಡಲಿ. ಟಿಕೆಟ್ ಕೊಡುವ ಮುಂಚೆಯೇ ಪಕ್ಷದವರಿಗೆ ತಿಳಿಸಬೇಕು ಅಂತ ಅವರಿಗೆ ಅನಿಸಿದರೆ ಕರೆದುಕೊಂಡು ಬನ್ನಿ. ಅವರು ಹೇಳಿದ ಹಾಗೇ ಪತ್ರ ಬರೆದುಕೊಡುತ್ತೇನೆ. ಫೀಸು ಬೇಡ. ಶನಿವಾರ ಮಧ್ಯಾಹ್ನದ ಮೇಲೆ ಆಫೀಸಿನಲ್ಲಿ ಬೇರೆ ಜನ ಇರುವುದಿಲ್ಲ.