ಚಾಡಿ ಹೇಳುವ ಪುಸ್ತಕ

"ವರ್ಷಕ್ಕೆ ನೂರು ಪುಸ್ತಕ ಅಂತ ಪಣ ತೊಟ್ಟಿದ್ದೀನಿ. ಎಪ್ಪತ್ತೆರಡು ಮುಗೀತು," ಎಂದ ಸೀನು, ಮೊಬೈಲ್ ತೋರಿಸುತ್ತಾ.

"ಮುಗಿದದ್ದು ಪುಸ್ತಕವೋ, ಪುಟವೋ?" ಎಂದರು ರಾಯರು.

"ಎರಡು ಪಟ್ಟು ವೇಗದಲ್ಲಿ ಕೇಳಿದೆ ರಾಯರೇ. ಹಿಂದಿನ ಸಾಹಿತಿಗಳೂ ರಾಶಿರಾಶಿ ಓದ್ತಿದ್ರಂತಲ್ಲ?"

"ಓದ್ತಿದ್ರು, ಕೈಯಲ್ಲಿ ಚಾಕು ಹಿಡಿದು."

ನಾಣಿ ಬೆಚ್ಚಿದ. "ವಿಮರ್ಶಕರಿಗಾ?"

"ಪುಸ್ತಕಕ್ಕಯ್ಯ! ಆಗ ಪ್ಯಾರಿಸ್ಸಿನಲ್ಲಿ ಅಂಚು ಕತ್ತರಿಸದೇ ಪುಸ್ತಕ ಮಾರ್ತಿದ್ರು. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿ ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ಮೇಲಂಚಿನಲ್ಲೂ ಹೊರ ಅಂಚಿನಲ್ಲೂ ಮಡಿಕೆ ಹಾಗೇ ಇರುತ್ತೆ, ಓದುಗನೇ ಬಿಡಿಸ್ಕೋಬೇಕು. ಮೂಳೆಯದೋ ಮರದ್ದೋ ಮೊಂಡು ಚಾಕು ಬೇಕು."

"ಹರಿತವಾದದ್ದಾದರೆ ಬೇಗ ಆಗಲ್ವೇ?"

"ಹರಿತದ್ದು ಮಡಿಕೆ ಬಿಟ್ಟು ಅಕ್ಷರದೊಳಗೆ ನುಗ್ಗುತ್ತೆ. ಬೆರಳು ಹಾಕಿದರೆ ಅಂಚು ಹಲ್ಲುಹಲ್ಲಾಗುತ್ತೆ. ಮೇಲಿನ ಮಡಿಕೆಯನ್ನ ಬೆನ್ನಿನ ತನಕ ಬಿಡಿಸದೆ ಪುಸ್ತಕ ಅಗಲಿಸಿದೆಯೋ, ಮೂಲೆ ಕಿತ್ಕೊಂಡೇ ಬರುತ್ತೆ."

"ಇಷ್ಟು ತಾಪತ್ರಯ ಯಾಕೋ!"

"ಮಜಾ ಇರೋದೇ ಅಲ್ಲಿ. ಓದು ಎಲ್ಲಿ ನಿಂತಿತು ಅಂತ ಪುಸ್ತಕವೇ ಚಾಡಿ ಹೇಳುತ್ತೆ. 1922ರಲ್ಲಿ ಪ್ಯಾರಿಸ್ಸಿನ ಪುಸ್ತಕದಂಗಡಿಯ ಸಿಲ್ವಿಯಾ ಬೀಚ್ ಜೇಮ್ಸ್ ಜಾಯ್ಸನ ಕಾದಂಬರಿ 'ಯುಲಿಸಿಸ್' ತಂದರು, ಸಾವಿರ ಪ್ರತಿ, 732 ಪುಟ. ಅಮೆರಿಕದ ಸಾಹಿತಿ ಹೆಮಿಂಗ್ವೇ ಅದನ್ನ ಹಾಡಿ ಹೊಗಳಿ ಗೆಳೆಯನಿಗೆ ಕಾಗದ ಬರೆದ. ಅವನ ಪ್ರತಿ ಈಗಲೂ ಇದೆ. ನಡುವೆ ಎಷ್ಟೋ ಹಾಳೆ ಬಿಡಿಸೇ ಇಲ್ಲ!"

"ಬೇರೆಯವರ ಪ್ರತಿ ಓದಿರಬಹುದಲ್ಲ?" ಸೀನು ತನ್ನದೇ ಕೇಸು ಅನ್ನೋ ಹಾಗೆ ವಾದಕ್ಕಿಳಿದ.

"ಇರಬಹುದಪ್ಪ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅದೇ ವರ್ಷ ಅದೇ ಪುಸ್ತಕ ಹಿಡಿದರು. 200 ಪುಟ ಆಯ್ತು, ಇನ್ನೂ ಮೂರನೇ ಒಂದು ಭಾಗವೂ ಆಗಿಲ್ಲ ಅಂತ ದಿನಚರಿಯಲ್ಲಿ ಬರೆದಿಟ್ಟರು. ನೀನಾಗಿದ್ದರೆ ಎಪ್ಪತ್ಮೂರನೆಯದು ಅಂತ ಫೋಟೋ ಹಾಕ್ತಿದ್ದೆ."

"ನನ್ನ ಫೋನೂ ಎಷ್ಟು ಪರ್ಸೆಂಟ್ ಅಂತ ತೋರಿಸುತ್ತೆ!"

"ಕೊನೇ ಪುಟಕ್ಕೆ ಬೆರಳು ಜಾರಿಸಿದರೂ ನೂರು ತೋರಿಸುತ್ತೆ. ಚಾಕು ಹಾಗೆ ಜಾರಲ್ಲ. ಮಡಿಕೆ ಸಿಕ್ಕಲ್ಲೆಲ್ಲ ನಿಲ್ಲಿಸುತ್ತೆ. ಓದಿದ್ದು ಒಳಗಿಳಿಯೋಕೆ ಅಷ್ಟಾದರೂ ಪುರುಸೊತ್ತು."

"ಆ ಮುಚ್ಚಿದ ಹಾಳೆ ಈಗಲಾದರೂ ಬಿಡಿಸಬಾರದೇ?" ಎಂದ ನಾಣಿ.

"ಬಿಡಿಸಿದರೆ ಸಾಕ್ಷಿಯೇ ಹೋಯ್ತಲ್ಲ. ಮಡಿಸಿದವನ ಕೈ ಬಿಟ್ಟ ಮೇಲೆ ಆ ಸಾಲುಗಳು ಒಬ್ಬ ಓದುಗನ ಮುಖವನ್ನೂ ಕಂಡಿಲ್ಲ. ಹೆಮಿಂಗ್ವೇ ಮುಖವನ್ನೂ."

"ಪಾಪ, ಅನ್ನಿಸುತ್ತೆ ಕಣೋ," ಎಂದ ನಾಣಿ. "ಈಗಿನ ಪುಸ್ತಕಕ್ಕೆ ಆ ಪಾಡಿಲ್ಲ. ಬರೀ ಪ್ಲಾಸ್ಟಿಕ್ ಹೊದಿಕೆ."

"ಅದೂ ಚಾಡಿಯೇ," ಎಂದರು ರಾಯರು.

"ಅದಕ್ಕೇ ನಾನು ತಂದ ದಿನವೇ ಕಿತ್ತು ಹಾಕೋದು," ಎಂದ ಸೀನು.