ಹಸಿ ಸಗಣಿ, ಕೋಳಿ ಗೊಬ್ಬರವನ್ನು ತರಕಾರಿ ಮಡಿಗೆ ನೇರವಾಗಿ ಹಾಕಬಹುದೇ?

ಪ್ರಶ್ನೆ:
ನಮ್ಮ ಮಡಿಗಳದು ಜೇಡಿಮಣ್ಣು. ಮಳೆ ಬಂದರೆ ಅಂಟಾಗುತ್ತದೆ, ಒಣಗಿದರೆ ಹೆಂಟೆಗಟ್ಟಿ ಬಿರಿಯುತ್ತದೆ. ಹಸುವಿನ ಸಗಣಿಯೂ ಕೋಳಿ ಗೊಬ್ಬರವೂ ಧಾರಾಳವಾಗಿ ದೊರೆಯುತ್ತವೆ. ಇವನ್ನು ಹಸಿಯಾಗಿಯೇ ಸೇರಿಸಬಹುದೇ, ಚೆನ್ನಾಗಿ ಕಳಿತ (ಕೊಳೆತು ಗೊಬ್ಬರವಾದ) ಮೇಲೆಯೇ ಹಾಕಬೇಕೇ? ಕಳಿತಿರುವುದನ್ನು ಗುರುತಿಸುವುದು ಹೇಗೆ? ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಯುವ ಉದ್ದೇಶವಿದೆ.

ಉತ್ತರ 1:
ದಯವಿಟ್ಟು ಕಳಿತ ಮೇಲೆಯೇ ಹಾಕಿ. ಹಸಿ ಗೊಬ್ಬರದಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು. ಮಣ್ಣಿಗೆ ತಾಗಿ ಬೆಳೆದು, ಬೇಯಿಸದೆ ತಿನ್ನುವ ತರಕಾರಿಗಳ ಮೂಲಕ ಅವು ನಮ್ಮ ಹೊಟ್ಟೆ ಸೇರುತ್ತವೆ. ಅಮೆರಿಕದ ಸಾವಯವ ಕೃಷಿ ನಿಯಮವು ಇಂಥ ಬೆಳೆಗಳಿಗೆ ಹಸಿ ಗೊಬ್ಬರ ಹಾಕಿದ ದಿನದಿಂದ ಕೊಯ್ಲಿನವರೆಗೆ 120 ದಿನಗಳ ಅಂತರ ಕಡ್ಡಾಯಗೊಳಿಸಿರುವುದು ಈ ಕಾರಣಕ್ಕೇ. ಹಸಿ ಕೋಳಿ ಗೊಬ್ಬರದಿಂದ ಹೊಮ್ಮುವ ಅಮೋನಿಯಾ ಎಳೆಯ ಬೇರುಗಳನ್ನೂ ಸುಡುತ್ತದೆ.

ಗೊಬ್ಬರ ಕಳಿಯಲು ರಾಶಿ ಹಾಕಿದ ಗುಡ್ಡೆಯಲ್ಲಿ ಸಾರಜನಕದ ಒಂದು ಭಾಗಕ್ಕೆ ಇಂಗಾಲ 25ರಿಂದ 30 ಭಾಗ ಇರುವುದು ಒಳ್ಳೆಯದು. ಕೋಳಿ ಗೊಬ್ಬರದಲ್ಲಿ ಸಾರಜನಕ ಬಹಳ ಹೆಚ್ಚಿರುವುದರಿಂದ ಅದಕ್ಕೆ ತರಗೆಲೆ, ಒಣಹುಲ್ಲುಗಳನ್ನು ಧಾರಾಳವಾಗಿ ಬೆರೆಸಬೇಕು. ಸಗಣಿಗೆ ಅಷ್ಟು ಬೇಡ. ಹಿಡಿಯಲ್ಲಿ ಹಿಂಡಿದಾಗ ತೇವ ತಿಳಿಯಬೇಕು, ನೀರು ಸುರಿಯಬಾರದು. ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕನಿಷ್ಠ 15 ದಿನ ಅದಕ್ಕಿಂತ ಇಳಿಯದಿರಬೇಕು, ಆ ಅವಧಿಯಲ್ಲಿ ಹೊರಗಿನದು ಒಳಗೆ ಬರುವಂತೆ ಐದು ಬಾರಿಯಾದರೂ ಮಗುಚಬೇಕು. ಬಳಿಕ ಕೆಲವು ತಿಂಗಳು ಮಾಗಲು ಬಿಡಿ. ಮಗುಚಿದರೂ ಮತ್ತೆ ಬಿಸಿಯೇರದೆ, ಪುಡಿಪುಡಿಯಾಗಿ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧವಾಗಿದೆ ಎಂದು ತಿಳಿಯಬಹುದು.

ಮೊದಲ ವರ್ಷ ಎರಡರಿಂದ ಐದು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಮೇಲ್ಮಣ್ಣಿಗೆ ಬೆರೆಸಿರಿ. ಜೇಡಿಮಣ್ಣು ಒದ್ದೆಯಾಗಿರುವಾಗ ಮಾತ್ರ ಅಗೆಯಬೇಡಿ, ಅದರ ಕಣರಚನೆಯೇ ಕೆಡುತ್ತದೆ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕಾಗಿದೆ. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ದನ ತಿಂದರೆ, ಆ ವಿಷ ಸಗಣಿಯಲ್ಲಿ ಉಳಿಯುತ್ತದೆ, ಗುಡ್ಡೆಯ ಶಾಖಕ್ಕೂ ಬೇಗ ಅಳಿಯುವುದಿಲ್ಲ. ಟೊಮೆಟೊ, ಹುರುಳಿಕಾಯಿ ಗಿಡಗಳ ಎಳೆಯ ಎಲೆಗಳು ಇದರಿಂದ ಮುರುಟಿಕೊಳ್ಳುತ್ತವೆ. ಸಗಣಿ ಕೊಡುವವರನ್ನು ಮೇವಿನ ಮೂಲದ ಬಗ್ಗೆ ವಿಚಾರಿಸಿ. ಸಂಶಯವಿದ್ದರೆ ಗೊಬ್ಬರ ಬೆರೆಸಿದ ಕುಂಡದಲ್ಲಿ ಹುರುಳಿಕಾಯಿ ಬೀಜ ಬಿತ್ತಿ, ಗೊಬ್ಬರವಿಲ್ಲದ ಕುಂಡದ ಸಸಿಗಳೊಂದಿಗೆ ಕೆಲವು ವಾರ ಹೋಲಿಸಿ ನೋಡಿ.

ಉತ್ತರ 3:
ಉತ್ತರ 1ರಲ್ಲಿ ಮೊದಲ ವರ್ಷಕ್ಕೆ ಹೇಳಿದಷ್ಟೇ ದಪ್ಪಕ್ಕೆ ಪ್ರತಿ ವರ್ಷವೂ ಹಾಕುತ್ತ ಹೋಗಬೇಡಿ. ಬೆಳೆಗೆ ಬೇಕಾದ ಸಾರಜನಕವನ್ನೆಲ್ಲ ಪ್ರಾಣಿಜನ್ಯ ಗೊಬ್ಬರದಿಂದಲೇ ಒದಗಿಸಿದರೆ ರಂಜಕವು ಅಗತ್ಯ ಮೀರಿ ಮಣ್ಣಿನಲ್ಲಿ ಶೇಖರವಾಗುತ್ತದೆ. ಕೋಳಿ ಗೊಬ್ಬರದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಎರಡನೆಯ ವರ್ಷದಿಂದ ಮಣ್ಣು ಪರೀಕ್ಷೆಯ ವರದಿ ನೋಡಿ ಪ್ರಮಾಣ ತಗ್ಗಿಸಿ. ಕ್ಯಾರೆಟ್ ಮಡಿಗೆ ಚೆನ್ನಾಗಿ ಮಾಗಿದ್ದನ್ನು ಮಾತ್ರ, ಅದೂ ಮಿತವಾಗಿ ಹಾಕಿ.